ಸತ್ತ ದುರ್ಯೋಧನನ ಅಳತೆ

ಸತ್ತ ಮೇಲೆ ದುರ್ಯೋಧನನ ಉದ್ದವನ್ನು ಎಷ್ಟೆಂದು ಬರೆಯಬೇಕು ಎಂಬುದು ಆ ಸಂಜೆ ಕೀಳ್ಪುದೂರಿನ ಎದುರಿಗಿದ್ದ ಅತ್ಯಂತ ಗಹನವಾದ ಪ್ರಶ್ನೆ. ಬದುಕಿದ್ದಾಗಿನ ಅಳತೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಚೆನ್ನೈಯಿಂದ ಬಂದಿದ್ದ ಯಾಳಿನಿ ಬೆಳಿಗ್ಗೆಯೇ, ದ್ರೌಪದಿ ಅಮ್ಮನ ಗುಡಿಯ ಮುಂದಿನ ಬಯಲಿನಲ್ಲಿ ಅಂಗಾತ ಮಲಗಿದ್ದ ಮಣ್ಣಿನ ದುರ್ಯೋಧನನಿಗೆ ಹಿಮ್ಮಡಿಯಿಂದ ಕಿರೀಟದವರೆಗೆ ಟೇಪು ಹಿಡಿದು, ಅರವತ್ತು ಅಡಿ ಎಂದು ಬರೆದುಕೊಂಡಿದ್ದಳು. ಈಗ ಅದೇ ಜಾಗದಲ್ಲಿ ಟೇಪಿನ ಒಂದು ತುದಿ ಹಿಡಿದು ನಿಂತಿದ್ದಾಳೆ, ಇನ್ನೊಂದು ತುದಿಯನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ನೆಲ ಸಪಾಟಾಗಿದೆ. ಪಕ್ಕದಲ್ಲಿ, ಅವನನ್ನು ಮಾಡಲು ಮಣ್ಣು ಅಗೆದ ಹೊಂಡ ಮಾತ್ರ ಬಾಯಿ ತೆರೆದುಕೊಂಡಿದೆ.

"ವಾತ್ತಿಯಾರೇ, ಎಲ್ಲಿ ಅವನು?"

"ಸತ್ತನಲ್ಲ ಮೇಡಂ, ನೀವೇ ನೋಡಿದ್ರಲ್ಲ," ಎಂದ, ಕೂತ್ತು ಎಂಬ ಬಯಲಾಟದ ಮೇಳದ ಗುರು ಏಳುಮಲೈ. ಮಧ್ಯಾಹ್ನ ದ್ರೌಪದಿಯಾಗಿದ್ದವನು ಅವನೇ. ಭೀಮನ ಗದೆ ಬಿದ್ದು ಮಣ್ಣಿನ ತೊಡೆಯೊಳಗೆ ಹೂತಿದ್ದ ಮಡಕೆ ಒಡೆದಾಗ ಕೆಂಪು ನೀರು ಹರಿದಿತ್ತು. ಅದರಲ್ಲಿ ಕೈಯದ್ದಿ, ಶತ್ರುವಿನ ಎದೆಯ ಮೇಲೆ ಕೂತು, ಹಬ್ಬದುದ್ದಕ್ಕೂ ಬಿಚ್ಚಿಕೊಂಡಿದ್ದ ಮುಡಿಯನ್ನು ಅವನು ಕಟ್ಟಿದಾಗ ಊರಿಗೆ ಊರೇ ಅತ್ತಿತ್ತು. ಈಗ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ ಬೀಡಿ ಸೇದುತ್ತಿದ್ದ. ತುಟಿಯ ಬಣ್ಣ ಇನ್ನೂ ಹೋಗಿರಲಿಲ್ಲ.

"ಸತ್ತದ್ದು ಸರಿ. ಹೆಣ?"

"ಎಲ್ಲರೂ ಮನೆಗೆ ತಗೊಂಡು ಹೋದರು."

ಯಾಳಿನಿ ಕೂತುಬಿಟ್ಟಳು. ಕಲೆ, ಸಂಸ್ಕೃತಿಗಳಿಂದ ಊರೊಂದರ ಸುಸ್ಥಿರ ಅಭಿವೃದ್ಧಿಗೆ ಎಷ್ಟು ಕೊಡುಗೆ ಎಂದು ಅಳೆದು ಅಂಕ ಕೊಡುವುದು ಅವಳ ಕೆಲಸ. ಆ ಬಯಲಿನಲ್ಲಿ ಬಸ್ ನಿಲ್ದಾಣ ಕಟ್ಟುವ ಮಾತಿತ್ತು. ಅಂಕ ಚೆನ್ನಾಗಿ ಬಂದರೆ ಬಯಲು ಉಳಿಯುತ್ತದೆ, ಇಲ್ಲವಾದರೆ ಬರುವ ವರ್ಷ ದುರ್ಯೋಧನನ ಎದೆಯ ಮೇಲೆ ವಂದವಾಸಿ ಬಸ್ಸು ನಿಲ್ಲುತ್ತದೆ. ಅದಕ್ಕೇ ಏಳುಮಲೈ ಈ ಸಲ ಅವನಿಗೆ ಎಂದಿಗಿಂತ ದೊಡ್ಡ ಮೀಸೆ ಬಿಡಿಸಿದ್ದ.

"ಬೆಳಿಗ್ಗೆ ಎಷ್ಟಿತ್ತು, ಸಂಜೆ ಎಷ್ಟು ಉಳೀತು ಅಂತ ಬರೀಬೇಕು ವಾತ್ತಿಯಾರೇ. ಈಗ ಸೊನ್ನೆ. ಹಬ್ಬ ಮಾಡಿ ಊರು ಇದ್ದದ್ದನ್ನೂ ಕಳ್ಕೊಳ್ತು ಅಂತಾಗುತ್ತೆ."

"ಎಲ್ಲಿ ಕಳ್ಕೊಂಡ್ವಿ? ಹೊಲದಲ್ಲಿದಾನೆ, ಕಣಜದಲ್ಲಿದಾನೆ, ಪಚ್ಚೈಯಮ್ಮಾಳ್ ಕೊಟ್ಟಿಗೇಲಿದಾನೆ. ಹೋಗಿ ಅಳೀರಿ."

"ಆ ಮಣ್ಣು ಹಾಕಿದರೆ ಬೆಳೆ ಜಾಸ್ತಿ ಬರುತ್ತಾ?"

"ಹಾಕದೇ ಯಾವ ವರ್ಷ ನೋಡಿದೀವಿ, ಹೇಳೋಕೆ?"

ಅವಳು ಪೆನ್ನಿನ ತುದಿ ಕಚ್ಚಿದಳು. ಏಳುಮಲೈಗೂ ದಿಗಿಲಾಯಿತು. "ವಾಪಸ್ ತರಿಸ್ಲಾ ಮೇಡಂ? ಒಂದು ಗಂಟೆ ಕೊಡಿ, ಕಾಲಾದರೂ ಕಟ್ಟಿ ತೋರಿಸ್ತೀವಿ."

ಕೊನೆಯ ಬುಟ್ಟಿಯನ್ನು ಸೊಂಟಕ್ಕಿಟ್ಟು ಹೊರಟಿದ್ದ ಮುದುಕಿ ಪಚ್ಚೈಯಮ್ಮಾಳ್ ತಿರುಗಿ ನಿಂತಳು. "ಯಾಕೋ ಏಳುಮಲೈ, ಮುಡಿ ಕಟ್ಟಿದ ಮೇಲೆ ಸತ್ತೋನನ್ನ ಎಬ್ಬಿಸ್ತೀಯಾ? ಎದ್ದು ಬಂದರೆ ಮೊದಲು ನಿನ್ನ ಸೀರೆಗೇ ಕೈ ಹಾಕ್ತಾನೆ, ನೋಡ್ಕೋ!"

"ಅಜ್ಜೀ, ಇನ್ನೊಂದು ವಿಷಯ," ಎಂದಳು ಯಾಳಿನಿ. "ಗಾಂಧಾರಿ ವೇಷದವನು ಅಳ್ತಾ ಅಳ್ತಾ ಬಂದು ನನಗೆ ಪೊರಕೇಲಿ ಹೊಡೆದ. ಹೆಂಗಸರ ಸುರಕ್ಷತೆಗೂ ಅಂಕ ಇದೆ. ಏನಂತ ಬರೀಲಿ?"

"ಎಷ್ಟು ಏಟು?"

"ಎರಡು."

"ಪುಣ್ಯವಂತೆ ಕಣಮ್ಮಾ! ಇದ್ದಬದ್ದ ಪೀಡೆಯೆಲ್ಲ ಹೋಯ್ತು. ನಾನು ಮುಂದೆ ಮುಂದೆ ಹೋಗಿ ತಲೆ ಒಡ್ಡಿದರೂ ಒಂದು ಬೀಳಲಿಲ್ಲ. ಒಂದನ್ನ ನನ್ನ ಹೆಸರಿಗೆ ಬರ್ಕೋ."

ಯಾಳಿನಿ ಪೆನ್ನು ಮುಚ್ಚಿದಳು. ಹೊಂಡದತ್ತ ನೋಡುತ್ತ, ಸುಮ್ಮನೆ ಮಾತಿಗೆಂಬಂತೆ ಕೇಳಿದಳು: "ಇದು ಇಷ್ಟು ಆಳ ಹೇಗಾಯ್ತು?"

"ನಮ್ಮ ತಾತನ ಕಾಲದಿಂದ ಅವನು ಇದರಿಂದಲೇ ಏಳೋದು, ಊರೊಳಕ್ಕೇ ಹೋಗೋದು," ಎಂದ ಏಳುಮಲೈ. " ಹೊಂಡ ಉಳ್ಕೊಳ್ಳುತ್ತೆ. ಐಪ್ಪಸಿ ತಿಂಗಳ ಮಳೇಲಿ ತುಂಬುತ್ತೆ, ದನ ಕುಡೀತವೆ. ಗುಡಿ ಬಾವೀಲಿ ಬೇಸಿಗೆವರೆಗೂ ನೀರಿರುತ್ತೆ."

"ನೀರಾ!" ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖ ಅರಳಿತು. "ನೀರಿಗೂ ಅಂಕ ಇದೆ. ಹಿಡೀರಿ ಆ ತುದಿ."

ದ್ರೌಪದಿ ಬೀಡಿ ಎಸೆದು ಹೊಂಡಕ್ಕಿಳಿದಳು. ಉದ್ದ, ಅಗಲ, ಆಳ ಎಲ್ಲ ಸಲೀಸಾಗಿ ಸಿಕ್ಕವು. ಟೇಪು ಸುತ್ತುವಾಗ ಏಳುಮಲೈ ಕೇಳಿದ: "ಇದು ಕೂತ್ತಿನ ಲೆಕ್ಕಕ್ಕೇ ತಾನೇ ಮೇಡಂ?"

"ಇಲ್ಲ, ನೀರಿನ ಲೆಕ್ಕಕ್ಕೆ. ಆದರೆ ಬಯಲು ಉಳಿಯುತ್ತೆ."

ಅವನಿಗೆ ಅರ್ಥವಾಗಲಿಲ್ಲ. "ಉಳಿದರೆ ಸಾಕು," ಎಂದು ಕೈಮುಗಿದ.

ಮಳೆಗಾಲಕ್ಕೆ ಮೊದಲೇ ವರದಿ ಬಂತು. ಕಲೆಗೆ ಸೊನ್ನೆ, ನೀರಿಗೆ ಪೂರ್ತಿ ಅಂಕ. ಬಸ್ ನಿಲ್ದಾಣ ಊರಾಚೆ ಹೋಯಿತು. ಬಯಲಿನ ಸುತ್ತ ತಂತಿ ಬೇಲಿ ಬಂತು, ಬೇಲಿಗೆ ಹಸಿರು ಫಲಕ: 'ಸಂರಕ್ಷಿತ ಕೊಳ. ಇಲ್ಲಿ ಮಣ್ಣು ಅಗೆಯುವಂತಿಲ್ಲ.' ಬೇರೆ ಕಡೆಯ ಮಣ್ಣು ತರೋಣ ಎಂದು ಏಳುಮಲೈ ಮನೆಮನೆಗೂ ಹೋಗಿ ಕೇಳಿದ. "ಯಾವುದೋ ಊರಿನ ದುರ್ಯೋಧನನ ಸಾವು ನಮಗ್ಯಾಕೆ?" ಎಂದುಬಿಟ್ಟಳು ಪಚ್ಚೈಯಮ್ಮಾಳ್. ಊರು ಅವಳ ಮಾತಿಗೇ ನಿಂತಿತು.

ಮರುವರ್ಷದ ಹಬ್ಬದಲ್ಲಿ ಭೀಮ ಗದೆ ಹೊತ್ತು ಬೇಲಿಯವರೆಗೆ ಹೋಗಿ, ಫಲಕ ಓದಿ, ವಾಪಸು ಬಂದ. ದ್ರೌಪದಿ ಮುಡಿ ಕಟ್ಟಲಿಲ್ಲ.