ಮಂಗಳವಾರದ ಮಾತುಗಾರ್ತಿ

ಎಲ್ಲರೂ ಗುಣವಾಗುತ್ತಿದ್ದರು. ಸಲಹೆಗಾರರಿಗೆ ಅನುಮಾನ ಬಂದದ್ದೇ ಅದಕ್ಕೆ.

ಮನಸ್ಸಿಗೂ ನರಕ್ಕೂ ಔಷಧ ಹುಡುಕುವ ಕಂಪನಿಗಳಿಗೆ ಬುದ್ಧಿ ಹೇಳುವುದು ಅವರ ವೃತ್ತಿ. ಈ ಸಲದ ಮಾತ್ರೆ, ನಾಲ್ಕು ಜನರೆದುರು ಬಾಯಿ ಕಟ್ಟಿಹೋಗುವವರಿಗೆ. ಅರ್ಧ ಜನಕ್ಕೆ ಅಸಲಿ ಮಾತ್ರೆ, ಉಳಿದರ್ಧಕ್ಕೆ ನೋಡಲು ಹಾಗೆಯೇ ಇರುವ ಪೊಳ್ಳು ಮಾತ್ರೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಹನ್ನೆರಡು ವಾರವಾದ ಮೇಲೆ ಎರಡು ಗುಂಪಿಗೂ ವ್ಯತ್ಯಾಸ ಕಂಡರೆ ಔಷಧ ಗೆದ್ದಂತೆ. ಆದರೆ ಪರೀಕ್ಷೆ ನಡೆಯುತ್ತಿದ್ದ ಹಲವು ಕೇಂದ್ರಗಳಲ್ಲಿ ಒಂದಾದ, ಊರಾಚೆಯ ಈ ಕೇಂದ್ರದಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಜನ ಮಾತಿಗೆ ತೊಡಗಿದ್ದರು. ಪೊಳ್ಳು ನುಂಗಿದವರೂ ಅರಳು ಹುರಿದಂತೆ ಮಾತಾಡಿದರೆ ಔಷಧದ ಗತಿಯೇನು?

ಇದು ಸೋತರೆ ಕಂಪನಿ ಇನ್ನೊಂದನ್ನು ಹುಡುಕಿಕೊಳ್ಳುತ್ತಿತ್ತು. ಸಲಹೆಗಾರರಿಗೆ ಹಾಗಲ್ಲ. ಅವರ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಎರಡು ವರ್ಷವಾಗಿತ್ತು. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಬಾಗಿಲ ಸಂದಿಯಿಂದ ತಳ್ಳುತ್ತಿದ್ದಳು. 'ಸೋಪು.' 'ಪೆನ್ನು.' 'ಅಪ್ಪ, ಬಾಗಿಲು ಬಡಿಯಬೇಡ.' ದೇಶದೇಶದ ತಜ್ಞರ ಬಾಯಿ ಮುಚ್ಚಿಸುತ್ತಿದ್ದ ಮನುಷ್ಯ ಆ ಚೀಟಿಗಳನ್ನು ಎಸೆಯಲಾರದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಇನ್ನೆಷ್ಟು ದಿನ ಎಂದು ಹೆಂಡತಿ ಕೇಳಿದಾಗಲೆಲ್ಲ, ಪರೀಕ್ಷೆಯಲ್ಲಿ ಗೆಲ್ಲದೆ ಮಾತ್ರೆ ಹೊರಗೆ ಬರುವಂತಿಲ್ಲ ಎನ್ನುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಹೇಳದೆ ಕೇಳದೆ ಕೇಂದ್ರಕ್ಕೆ ಹೋದರು. ಮೊದಲು ನರ್ಸನ್ನು ಗಮನಿಸಿದರು. ರೋಗಿಗಳೊಡನೆ ನಗಬಾರದು, ಬರೆದುಕೊಟ್ಟ ಪ್ರಶ್ನೆಯಾಚೆ ಒಂದಕ್ಷರ ಕೇಳಬಾರದು ಎಂಬುದು ನಿಯಮ. ಅಕ್ಕರೆಗೇ ಅರ್ಧ ರೋಗ ವಾಸಿಯಾದರೆ ಔಷಧದ ಲೆಕ್ಕ ಕೆಡುತ್ತದಲ್ಲ. ನಿಯಮ ಬರೆದವರು ಸಲಹೆಗಾರರೇ. ನರ್ಸು ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡುತ್ತಿದ್ದಳು, ಅವಳಲ್ಲಿ ದೋಷವಿರಲಿಲ್ಲ. ಡಾಕ್ಟರು ಇನ್ನೂ ಒಳ್ಳೆಯವರು, ತಲೆಯನ್ನೇ ಎತ್ತಲಿಲ್ಲ.

ದೋಷ ಸಿಕ್ಕಿದ್ದು ಕಾಯುವ ಕೋಣೆಯಲ್ಲಿ. ಹಸಿರು ಕೊಡೆ ಹಿಡಿದ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಗೋಡೆಗೆ ಮುಖ ಮಾಡಿ ಕುಳಿತವರ ಪಕ್ಕಕ್ಕೇ ಹೋಗಿ ಕೂರುವಳು. ಚಪ್ಪಲಿ ಎಲ್ಲಿ ಕೊಂಡಿರಿ ಎನ್ನುವಳು, ಕಿಟಕಿ ತೆಗೆಯಲೇ ಎನ್ನುವಳು, ಉತ್ತರ ಬರದಿದ್ದರೆ ತಾನೇ ಉತ್ತರ ಹೇಳಿ ತಾನೇ ನಗುವಳು. ಹತ್ತು ನಿಮಿಷದಲ್ಲಿ ಗೋಡೆಯ ಕಡೆಗಿದ್ದ ಮುಖ ಇತ್ತ ತಿರುಗುತ್ತಿತ್ತು. ಬೂಟಿನ ಲೇಸನ್ನೇ ನೋಡುತ್ತಿದ್ದ ಕನ್ನಡಕದ ಯುವಕನೊಬ್ಬ ತನ್ನ ಬೆಕ್ಕಿನ ವಿಷಯ ಹೇಳತೊಡಗಿದ. ಸಲಹೆಗಾರರಿಗೆ ಮೈಯೆಲ್ಲ ಉರಿಯಿತು.

ಕಡತದಲ್ಲಿ ರೋಗಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ; ಯಾವ ಸಂಖ್ಯೆಯ ರೋಗಿ ಯಾರು ಎಂದು ಅವರು ವಿಚಾರಿಸುವಂತಿರಲಿಲ್ಲ. ಇಲ್ಲಿ ಅದರ ಅಗತ್ಯವೂ ಕಾಣಲಿಲ್ಲ. ಸಮಾಜಸೇವೆಯ ಗೀಳಿನ ಇಂಥವರನ್ನು ಆಸ್ಪತ್ರೆಗಳಲ್ಲಿ ಬೇಕಾದಷ್ಟು ಕಂಡಿದ್ದರು. ಹೆಂಗಸನ್ನು ವರಾಂಡಕ್ಕೆ ಕರೆದರು.

"ಎಷ್ಟು ದಿನದಿಂದ ಬರ್ತಿದೀರಿ?"

"ಎಂಟು ವಾರ ಆಯ್ತು ಸಾರ್. ಒಂದು ಮಂಗಳವಾರಾನೂ ತಪ್ಪಿಸಿಲ್ಲ."

"ಸೇರಿಸ್ಕೊಂಡಿದ್ದು ಯಾರು?"

"ಒಳಗಿನ ಡಾಕ್ಟ್ರೇ. ಬಸ್ ಚಾರ್ಜ್ ಕೊಡ್ತಾರೆ. ಕೊಡದಿದ್ರೂ ಬರ್ತಿದ್ದೆ ಬಿಡಿ. ಮಾತಾಡೋದ್ರಲ್ಲಿ ಎಷ್ಟು ಸುಖ ಇದೆ ಅಂತ ನಿಮಗೆ ಗೊತ್ತಾ ಸಾರ್?"

"ಗೊತ್ತು," ಎಂದರು ಸಲಹೆಗಾರರು, ಜೇಬಿನ ಚೀಟಿ ಮುಟ್ಟಿಕೊಂಡು. "ನಿಮ್ಮ ಮಾತಿನಿಂದ್ಲೇ ಒಂದು ಒಳ್ಳೆ ಔಷಧ ಹಾಳಾಗ್ತಿದೆ. ಇನ್ಮೇಲೆ ಇಲ್ಲಿಗೆ ಬರಬೇಡಿ."

ಹೆಂಗಸು ಏನೋ ಹೇಳಲು ಹೊರಟಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಒಳಗೆ ಬೆಂಚಿನ ಮೇಲಿದ್ದ ಕೊಡೆಯನ್ನೂ ಮರೆತು, ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋದಳು. ಸಲಹೆಗಾರರಿಗೆ ಒಂದು ಗಳಿಗೆ ಅಯ್ಯೋ ಪಾಪ ಅನ್ನಿಸಿತು. ಮಗಳನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಂಡರು.

ವರದಿಯಲ್ಲಿ, ಹೊರಗಿನವರು ಕಾಯುವ ಕೋಣೆಯಲ್ಲಿ ಹರಟುವುದನ್ನು ನಿಲ್ಲಿಸಲಾಗಿದೆ ಎಂದಷ್ಟೇ ಬರೆದರು. ಅದನ್ನೋದಿದ ಡಾಕ್ಟರು, ಹೊರಗಿನವರೆಂದರೆ ಕಾಫಿ ತರುವವನೇ ಇರಬೇಕೆಂದುಕೊಂಡು, ಮರುದಿನದಿಂದ ಅವನನ್ನು ಗೇಟಿನಲ್ಲೇ ತಡೆಸಿದರು.

ಮಂಗಳವಾರಗಳು ತಣ್ಣಗಾದವು. ಬೆಕ್ಕಿನ ಯುವಕ ಮತ್ತೆ ಬೂಟಿನ ಲೇಸು ನೋಡತೊಡಗಿದ. ರೋಗಿಗಳ ಚೇತರಿಕೆಗೆ ಕೇಂದ್ರ ವಾರವಾರ ಕೊಡುತ್ತಿದ್ದ ಅಂಕಗಳು ಇಳಿದವು. ಸಲಹೆಗಾರರು ಹಿಗ್ಗಿದರು: ಇನ್ನು ಯಾರು ಚೇತರಿಸಿಕೊಂಡರೂ ಅದು ಔಷಧದಿಂದಲೇ. "ಇನ್ನು ಸ್ವಲ್ಪ ದಿನ ಕಣೇ, ಅವಳ ದನಿ ಕೇಳ್ತೀವಿ," ಎಂದು ಹೆಂಡತಿಗೆ ಹೇಳಿದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಯಾರಿಗೆ ಯಾವ ಮಾತ್ರೆ ಎಂಬ ಮುಚ್ಚಿದ ಪಟ್ಟಿ ಕೊನೆಗೆ ತೆರೆಯಿತು. ಗೆಲುವು ಕೂದಲೆಳೆಯಲ್ಲಿ ತಪ್ಪಿತ್ತು. ಅಸಲಿ ಮಾತ್ರೆ ನುಂಗಿದವರಲ್ಲಿ ಇನ್ನೊಬ್ಬರು, ಒಬ್ಬರೇ ಒಬ್ಬರು ಪೂರ್ತಿ ಗುಣವಾಗಿದ್ದರೆ ಸಾಕಿತ್ತು. ಕಂಪನಿ ಔಷಧವನ್ನು ಕೈಬಿಟ್ಟಿತು.

ಸಲಹೆಗಾರರು ನಂಬಲಾರದೆ ಕಡತಗಳನ್ನೆಲ್ಲ ತರಿಸಿ ಒಂದೊಂದಾಗಿ ಓದಿದರು. ಊರಾಚೆಯ ಕೇಂದ್ರದಿಂದ ಹತ್ತೊಂಬತ್ತು ಜನರೇ ಲೆಕ್ಕಕ್ಕೆ ಬಂದಿದ್ದರು. ಹದಿನೇಳನೆಯವರು ನಡುವೆ ಬಿಟ್ಟಿದ್ದರು. ನಡುವೆ ಬಿಟ್ಟವರನ್ನು ಎಣಿಸಬಾರದೆಂಬ ನಿಯಮವೂ ಸಲಹೆಗಾರರದೇ.

ಪಟ್ಟಿಯಲ್ಲಿ ಹದಿನೇಳರ ಮುಂದೆ 'ಅಸಲಿ' ಎಂದಿತ್ತು. ಕಡತದ ಮೊದಲ ಹಾಳೆಗೆ, ಮೊದಲ ದಿನ ರೋಗಿ ಬರೆದುಕೊಟ್ಟ ಚೀಟಿಯೊಂದನ್ನು ಪಿನ್ನು ಚುಚ್ಚಿ ಇಟ್ಟಿದ್ದರು. ಅಕ್ಷರಗಳು ನಡುಗಿದ್ದವು: 'ಬಾಯಲ್ಲಿ ಹೇಳಲಾರೆ. ಬರೆದು ಕೊಟ್ಟರೆ ಆಗುತ್ತದೆಯೇ?' ಎಂಟನೇ ವಾರದ ಹಾಳೆಯಲ್ಲಿ ಹತ್ತಕ್ಕೆ ಹತ್ತು ಅಂಕ. ಮುಂದಿನ ಹಾಳೆಗಳು ಖಾಲಿ. ಕೊನೆಯಲ್ಲಿ ಮಾತ್ರ ನರ್ಸು ಎರಡು ಸಾಲು ಗೀಚಿದ್ದಳು.

'ಬರುವುದನ್ನು ನಿಲ್ಲಿಸಿದ್ದಾರೆ, ಫೋನ್ ಎತ್ತಿದರೂ ಮಾತಾಡುವುದಿಲ್ಲ. ಇವರ ಹಸಿರು ಕೊಡೆ ನಮ್ಮಲ್ಲೇ ಇದೆ.'