ಟ್ಯಾಂಕಿನೊಳಗಿನ ಹಾಡು

ಕಬ್ಬಿಣದ ನೀರಿನ ಟ್ಯಾಂಕಿಗೆ ಒಳಗಿಂದ ತುಕ್ಕು ಹಿಡಿಯದಂತೆ ಬಣ್ಣ ಬಳಿಯಲು ಅಳಿಯ ಏಣಿ ಇಳಿದ. ಮಾವ ಮೇಲೆ, ಟ್ಯಾಂಕಿನ ಬಾಯಿಯ ಬಳಿ ಕಾವಲು ಕೂತ.

"ಬಣ್ಣದ ಘಾಟು ತಲಿಗೇರತೈತಿ. ಹಾಡ್ಕೋತ ಇರು. ಹಾಡು ನಿಂತ್ರ ಇಳಿದು ಎಳಕೊಂಡು ಬರ್ತೀನಿ."

"ಹಾಡ್ಕೋತ ಬಳದ್ರ ಉಸಿರು ಸಾಲಂಗಿಲ್ಲ, ಮಾವಾ."

"ಸಾಲದಿದ್ರೂ ಹಾಡು."

ಹಾಡು ಶುರುವಾಯಿತು. ನಡುವೆ ಒಂದು ಕೆಮ್ಮು ಬಂತು, ಮತ್ತೆ ಹಾಡು ಮುಂದುವರಿಯಿತು. ಮಾವ ನಿಶ್ಚಿಂತೆಯಿಂದ ಎಲೆಗೆ ಸುಣ್ಣ ಹಚ್ಚಿದ.

ಮಧ್ಯಾಹ್ನ ಬುತ್ತಿ ಬಿಚ್ಚಿ ಕೂಗಿದ. "ಸಾಕು ಬಾರೋ, ರೊಟ್ಟಿ ತಿನ್ನೋಣು."

ಹಾಡು ನಿಲ್ಲಲಿಲ್ಲ.

"ಏ ಅಳಿಯಾ, ಕೇಳಸವಲ್ದೇನು?"

ಅದೇ ಹಾಡು. ಅದೇ ಸಾಲಿನಲ್ಲಿ ಅದೇ ಕೆಮ್ಮು.

ಮಾವ ಬಗ್ಗಿ ಟಾರ್ಚ್ ಬಿಟ್ಟ. ಅಂಗಾತ ಬಿದ್ದಿದ್ದ ಅಳಿಯನ ಎದೆಯ ಮೇಲೆ, ಅವನದೇ ದನಿಯಲ್ಲಿ, ಮೊಬೈಲು ಹಾಡುತ್ತಿತ್ತು.