ಸ್ವಿಚ್ಚಿನೊಳಗಿನ ಗೋಡೆ

ಸೇಲ್ಸಿನ ಮಧುಕರನೂ ಅಕೌಂಟ್ಸಿನ ವಸುಧಾಳೂ ದಿನವಿಡೀ ಆಫೀಸಿನ ಚಾಟಿನಲ್ಲೇ ಇರುತ್ತಾರೆಂದು ಮ್ಯಾನೇಜರಿಗೆ ಹೊಟ್ಟೆಯುರಿ. ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗಿಯನ್ನು ಕರೆದರು.

“ಈ ಎರಡು ಸೆಕ್ಷನ್ ಮಧ್ಯೆ ಒಂದಕ್ಷರಾನೂ ದಾಟಬಾರ್ದಮ್ಮ.”

“ಎರಡನ್ನೂ ಬೇರೆ ಬೇರೆ ವಿಎಲ್ಯಾನಿಗೆ, ಅಂದ್ರೆ ಬೇರೆ ಬೇರೆ ನೆಟ್‌ವರ್ಕಿಗೆ ಹಾಕಿ, ನಡುವೆ ದಾರಿ ಕೊಡೋ ರೂಟಿಂಗ್ ತೆಗೆದುಬಿಡ್ತೀನಿ ಸರ್. ಎಲ್ಲ ಕಂಪ್ಯೂಟರಿನ ಕೇಬಲ್ ಸೇರೋ ಸ್ವಿಚ್ ಒಂದೇ ಇದ್ರೂ ಮಧ್ಯೆ ಗೋಡೆ ಕಟ್ಟಿದ ಹಾಗೆ. ಆದ್ರೆ...”

“ಆದ್ರೆ ಗೀದ್ರೆ ಬೇಡ. ಕಟ್ಟಿಬಿಡು.”

ಕಟ್ಟಿದಳು. ಚಾಟ್ ನಿಂತಿತು. ಮ್ಯಾನೇಜರು ಮೀಸೆಯಡಿಯಲ್ಲೇ ನಕ್ಕರು.

ಮರುದಿನ ನೋಡಿದರೆ ಮಧುಕರ ವಸುಧಾಳ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

“ಇವನಿಗೇನಮ್ಮ ಇಲ್ಲಿ ಕೆಲಸ?” ಮ್ಯಾನೇಜರು ನೆಟ್‌ವರ್ಕ್ ಹುಡುಗಿಯನ್ನು ಕೇಳಿದರು.

“ಅದನ್ನೇ ಹೇಳೋಕೆ ಹೊರಟಿದ್ದೆ ಸರ್. ಆಫೀಸಿಗೆಲ್ಲ ಇರೋದು ಒಂದೇ ಪ್ರಿಂಟರ್, ಅದು ಗೋಡೆಯಿಂದಾಚೆ ವಸುಧಾ ಕಡೆ ಉಳ್ಕೊಂಡಿದೆ. ಸೇಲ್ಸಿನೋರು ಪೆನ್‌ಡ್ರೈವ್ ತಂದು ಅವರ ಹತ್ರಾನೇ ಪ್ರಿಂಟ್ ತಗೋಬೇಕು. ಎಲ್ಲರ ಪೆನ್‌ಡ್ರೈವೂ ಮಧುಕರ್ ಅವರೇ ತರ್ತಿದಾರೆ.”